ನೆರೆಮನೆಗೆ ಕೇಳಿಸದ ಗಿಟಾರ್: ಮನೆಯ ಕಂಪ್ಯೂಟರಿನಲ್ಲೇ ಧ್ವನಿಮುದ್ರಣ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಗೋಳು ಬಹುತೇಕ ಒಂದೇ ಬಗೆಯದು. ಹಗಲೆಲ್ಲ ಕಚೇರಿ, ಸಂಜೆಯೆಲ್ಲ ಟ್ರಾಫಿಕ್. ಊಟ ಮುಗಿಸಿ ವಾದ್ಯವನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಗಡಿಯಾರ ಹತ್ತು ತೋರಿಸುತ್ತಿರುತ್ತದೆ. ಪಕ್ಕದ ಮನೆಯಲ್ಲಿ ಪಿಯುಸಿ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಮೇಲಿನ ಮನೆಯಲ್ಲಿ ಆಗಷ್ಟೇ ಕಣ್ಣು ಮುಚ್ಚಿದ ಹಸುಗೂಸು, ಕೆಳಗಿನ ಮನೆಯಲ್ಲಿ ನಿದ್ರೆ ಬಾರದ ಹಿರಿಯರು. ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ ಐದೇ ನಿಮಿಷಕ್ಕೆ ಕರೆಗಂಟೆ ಬಾರಿಸುತ್ತದೆ. ‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ?’ ಎಂಬ ಮಾತನ್ನು ಎರಡು-ಮೂರು ಬಾರಿ ಕೇಳಿಸಿಕೊಂಡ ಮೇಲೆ ಗಿಟಾರ್ ಅಟ್ಟ ಸೇರುತ್ತದೆ.

ಆದರೆ ಎಲೆಕ್ಟ್ರಿಕ್ ಗಿಟಾರ್ ಸ್ವಭಾವತಃ ಸದ್ದಿನ ವಾದ್ಯವೇ ಅಲ್ಲ. ವಯೊಲಿನ್, ಮೃದಂಗಗಳಂತೆ ಅದಕ್ಕೆ ನಾದವನ್ನು ಹಿಗ್ಗಿಸುವ ಟೊಳ್ಳು ಒಡಲು ಸಾಮಾನ್ಯವಾಗಿ ಇರುವುದಿಲ್ಲ. ನೆರೆಯವರ ನಿದ್ದೆಗೆಡಿಸುವುದು ಗಿಟಾರ್ ಅಲ್ಲ, ಅದಕ್ಕೆ ಜೋಡಿಸಿದ ಆಂಪ್ಲಿಫೈಯರ್ ಮತ್ತು ಸ್ಪೀಕರ್. ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದರೆ ನಡುರಾತ್ರಿಯಲ್ಲೂ ಒಂದು ಹಾಡಿನ ಗಿಟಾರ್ ಭಾಗವನ್ನು ಪೂರ್ತಿಯಾಗಿ ಮುದ್ರಿಸಿಕೊಳ್ಳಬಹುದು.

ಡೆಸಿಬಲ್ ಲೆಕ್ಕಾಚಾರ

ಕೇಂದ್ರ ಸರಕಾರ 2000ದಲ್ಲಿ ಜಾರಿಗೆ ತಂದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ಇತ್ತ, ಗಿಟಾರ್ ಆಂಪ್ಲಿಫೈಯರುಗಳಲ್ಲಿ ಬಳಸುವ 12 ಇಂಚಿನ ಸ್ಪೀಕರಿಗೆ ಕೇವಲ ಒಂದು ವ್ಯಾಟ್ ಶಕ್ತಿ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸಾಮಾನ್ಯವಾಗಿ 97ರಿಂದ 100 ಡೆಸಿಬಲ್ ಸದ್ದು ಹೊಮ್ಮುತ್ತದೆ. ನಡುವಿನ ಗೋಡೆ 40 ಡೆಸಿಬಲ್‌ನಷ್ಟು ಸದ್ದನ್ನು ತಡೆಯಿತು ಎಂದಿಟ್ಟುಕೊಂಡರೂ ಉಳಿದದ್ದು ಮಲಗಿದವರನ್ನು ಎಬ್ಬಿಸಲು ಧಾರಾಳವಾಗಿ ಸಾಕು.

ಚಿಕ್ಕ ಆಂಪ್ಲಿಫೈಯರ್ ಕೊಂಡರೆ ಸಮಸ್ಯೆ ಬಗೆಹರಿದೀತು ಎಂಬುದು ಹಲವರ ನಂಬಿಕೆ. ಅದು ನಿಜವಲ್ಲ. 30 ವ್ಯಾಟ್‌ನ ಬದಲು 15 ವ್ಯಾಟ್ ಬಳಸಿದರೆ ಕಡಿಮೆಯಾಗುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ತೋರಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. 5 ವ್ಯಾಟ್‌ನ ಆಂಪ್ಲಿಫೈಯರ್ ಕೂಡ ಅಪಾರ್ಟ್‌ಮೆಂಟಿನ ಪಾಲಿಗೆ ದೊಡ್ಡದೇ.

ಗೋಡೆಗೆ ಫೋಮ್ ಅಂಟಿಸಿದರೆ?

ಮೊಟ್ಟೆ ಟ್ರೇಗಳನ್ನು ಗೋಡೆಗೆ ಹೊಡೆಯುವುದು, ಎರಡಿಂಚಿನ ಫೋಮ್ ಹಾಳೆ ಅಂಟಿಸುವುದು, ದಪ್ಪ ಪರದೆ ಇಳಿಬಿಡುವುದು ಮೊದಲಾದ ಪ್ರಯತ್ನಗಳಲ್ಲಿ ಹಣ ಕಳೆದುಕೊಂಡವರು ಕಡಿಮೆಯಿಲ್ಲ. ಫೋಮ್ ಮಾಡುವ ಕೆಲಸವೇ ಬೇರೆ. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಸದ್ದು ಆಚೆ ಹೋಗುವುದನ್ನು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ತೂಕ. ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೆ ಹೆಚ್ಚೆಂದರೆ 6 ಡೆಸಿಬಲ್ ಲಾಭ. ಬಾಗಿಲ ಕೆಳಗಿನ ಬೆರಳಗಲದ ಸಂದು ಆ ಲಾಭವನ್ನೂ ನುಂಗಿಬಿಡುತ್ತದೆ.

ಮಂದ್ರ ಸ್ವರಗಳದ್ದಂತೂ ದೊಡ್ಡ ತಲೆನೋವು. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಆ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಎರಡಿಂಚಿನ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಜತೆಗೆ ನೆಲದ ಮೇಲಿಟ್ಟ ಸ್ಪೀಕರಿನ ಅದುರು ಕಾಂಕ್ರೀಟ್ ಮೂಲಕವೇ ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಹೀಗಾಗಿ ಸದ್ದನ್ನು ಹುಟ್ಟಿಸಿ ಆಮೇಲೆ ತಡೆಯುವುದಕ್ಕಿಂತ, ಹುಟ್ಟಿಸದೇ ಇರುವುದೇ ಸುಲಭ ಮತ್ತು ಅಗ್ಗ.

ತಂತಿಯಿಂದ ನೇರವಾಗಿ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಸಾಧನವಿರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು, ಇಷ್ಟೇ ಅದರ ರಚನೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಸಂಕೇತ ಹುಟ್ಟುತ್ತದೆ. ಈ ಹಂತದವರೆಗೆ ಎಲ್ಲವೂ ನಿಶ್ಶಬ್ದ. ಸಂಕೇತವನ್ನು ಇಲ್ಲಿಯೇ ಹಿಡಿದುಕೊಂಡರೆ ಮೈಕಿನ ಅಗತ್ಯವಿಲ್ಲ, ಸ್ಪೀಕರಿನ ಅಗತ್ಯವೂ ಇಲ್ಲ.

ಇದು ಹೊಸ ಉಪಾಯವೇನಲ್ಲ. 1968ರಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ತಂಡ ‘ರೆವಲ್ಯೂಷನ್’ ಹಾಡನ್ನು ಮುದ್ರಿಸಿದಾಗ ಅದರ ಕರ್ಕಶ ಗಿಟಾರ್ ನಾದಕ್ಕಾಗಿ ವಾದ್ಯವನ್ನು ನೇರವಾಗಿ ಮಿಕ್ಸಿಂಗ್ ಯಂತ್ರಕ್ಕೇ ಜೋಡಿಸಲಾಗಿತ್ತು. ಅಮೆರಿಕದ ಟಾಮ್ ಶೋಲ್ಜ್ ಅವರ ಕಥೆ ಬೆಂಗಳೂರಿನ ಟೆಕ್ಕಿಗಳಿಗೆ ಇನ್ನೂ ಹತ್ತಿರದ್ದು. ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅವರು ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ಗಿಟಾರ್ ಮುದ್ರಿಸುತ್ತಿದ್ದರು. ‘ಬಾಸ್ಟನ್’ ತಂಡದ 1976ರ ಮೊದಲ ಆಲ್ಬಮ್ಮಿನ ಬಹುಭಾಗ ಸಿದ್ಧವಾದದ್ದು ಹೀಗೆಯೇ. 1982ರಲ್ಲಿ ಅವರು ಹೊರತಂದ ‘ರಾಕ್‌ಮ್ಯಾನ್’ ಎಂಬ ಅಂಗೈಯಗಲದ ಪೆಟ್ಟಿಗೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಯೇ ಗಿಟಾರ್ ನುಡಿಸಬಹುದಿತ್ತು.

ಮೈಕ್ ರಂಧ್ರ ಸಲ್ಲದು

ಹೊಸಬರು ಮಾಡುವ ಮೊದಲ ತಪ್ಪು, ಗಿಟಾರಿನ ಕೇಬಲ್ಲಿಗೆ ಅಗ್ಗದ ಅಡಾಪ್ಟರ್ ಹಾಕಿ ಕಂಪ್ಯೂಟರಿನ ಮೈಕ್ ರಂಧ್ರಕ್ಕೆ ಚುಚ್ಚುವುದು. ಸದ್ದೇನೋ ಬರುತ್ತದೆ, ಆದರೆ ಕಂಬಳಿ ಹೊದಿಸಿದಂತೆ ಮಂಕಾಗಿರುತ್ತದೆ. ಸಣ್ಣ ಪೈಪಿನಲ್ಲಿ ಬರುವ ನೀರಿಗೆ ದೊಡ್ಡ ನಲ್ಲಿ ತಿರುಗಿಸಿದರೆ ಒತ್ತಡ ಕುಸಿಯುವಂತೆ, ಪಿಕಪ್ಪಿನ ದುರ್ಬಲ ಸಂಕೇತ ಇಂಥ ಕಡೆ ಸೊರಗುತ್ತದೆ. ಮೊದಲು ಸಾಯುವುದು ತಾರ ಸ್ವರಗಳ ಹೊಳಪು.

ಗಿಟಾರಿಗೆ ಬೇಕಾದದ್ದು ಸುಮಾರು ಹತ್ತು ಲಕ್ಷ ಓಮ್ ಪ್ರತಿರೋಧವಿರುವ ಪ್ರವೇಶದ್ವಾರ. ‘ಆಡಿಯೊ ಇಂಟರ್‌ಫೇಸ್’ ಎಂದು ಕರೆಯುವ ಯುಎಸ್‌ಬಿ ಪೆಟ್ಟಿಗೆಗಳಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಎಂಬ ಗುರುತಿರುವ ರಂಧ್ರ ಇದಕ್ಕಾಗಿಯೇ ಇದೆ. ಒಂದೋ ಎರಡೋ ರಂಧ್ರಗಳ ಸಣ್ಣ ಪೆಟ್ಟಿಗೆ ಸಾಕು. ಅದರಲ್ಲಿ ಹೆಡ್‌ಫೋನ್ ಜೋಡಿಸುವ ವ್ಯವಸ್ಥೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಮುದ್ರಣಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಎಂಬ ಆಯ್ಕೆ ಸೂಕ್ತ. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಬೇಕು. ಐದು ನಿಮಿಷದ ಹಾಡಿಗೆ 43 ಎಂಬಿ. ಗಟ್ಟಿಯಾಗಿ ಮೀಟಿದಾಗಲೂ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿಪಡಿಸುವುದು ಕಷ್ಟ.

ತಂತ್ರಾಂಶದೊಳಗಿನ ಆಂಪ್ಲಿಫೈಯರ್

ಹೀಗೆ ಮುದ್ರಿಸಿದ ಗಿಟಾರ್ ಕೇಳಿ ಅನೇಕರು ನಿರಾಶರಾಗುತ್ತಾರೆ. ರಾಕ್ ಸಂಗೀತದ ಗರ್ಜನೆ ಅದರಲ್ಲಿ ಇರುವುದಿಲ್ಲ. ಆ ಗರ್ಜನೆ ಹುಟ್ಟುವುದು ಎರಡು ಕಡೆ. ಮಿತಿಮೀರಿ ದುಡಿಸಿದ ಆಂಪ್ಲಿಫೈಯರ್ ಸಂಕೇತವನ್ನು ವಿರೂಪಗೊಳಿಸುತ್ತದೆ. ಬಳಿಕ ಸ್ಪೀಕರ್ ಆ ವಿರೂಪದ ಚೂಪು ಅಂಚುಗಳನ್ನು ಸವೆಸುತ್ತದೆ. ಗಿಟಾರ್ ಸ್ಪೀಕರುಗಳು ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಅಷ್ಟಾಗಿ ಹೊರಬಿಡುವುದೇ ಇಲ್ಲ. ಮೊದಲನೆಯದನ್ನು ಮಾತ್ರ ಅನುಕರಿಸಿ ಎರಡನೆಯದನ್ನು ಮರೆತರೆ ಡಬ್ಬಿಯೊಳಗೆ ಜೇನುನೊಣ ಕೂಡಿಹಾಕಿದಂಥ ಸದ್ದು ಬರುತ್ತದೆ.

1998ರಲ್ಲಿ ಬಂದ ಲೈನ್ 6 ಕಂಪನಿಯ ‘ಪಾಡ್’, 2002ರ ‘ಆಂಪ್ಲಿಟ್ಯೂಬ್’, 2004ರ ‘ಗಿಟಾರ್ ರಿಗ್’ ಇವೆರಡನ್ನೂ ಗಣಿತದ ಮೂಲಕ ಅನುಕರಿಸುವ ದಾರಿಯನ್ನು ಜನಪ್ರಿಯಗೊಳಿಸಿದವು. ಇಂದು ಸ್ಪೀಕರಿನ ಗುಣವನ್ನು ‘ಇಂಪಲ್ಸ್ ರೆಸ್ಪಾನ್ಸ್’ ಎಂಬ ಪುಟ್ಟ ಕಡತದಲ್ಲಿ ಹಿಡಿದಿಡಲಾಗುತ್ತದೆ. ನಿಜವಾದ ಸ್ಪೀಕರಿಗೆ ಪರೀಕ್ಷಾ ಸಂಕೇತವೊಂದನ್ನು ಕೊಟ್ಟು, ಅದರ ಮುಂದಿಟ್ಟ ಮೈಕಿನಲ್ಲಿ ಹಿಡಿದ ಹೆಜ್ಜೆಗುರುತು ಅದು. ಆಂಪ್ಲಿಫೈಯರಿನ ವರ್ತನೆಯನ್ನು ಕೃತಕ ನರಜಾಲದಿಂದ ಕಲಿತು ಅನುಕರಿಸುವ ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಇವುಗಳನ್ನು ರೀಪರ್, ಆರ್ಡರ್, ಗ್ಯಾರೇಜ್‌ಬ್ಯಾಂಡ್‌ನಂಥ ಧ್ವನಿಮುದ್ರಣ ತಂತ್ರಾಂಶಗಳಲ್ಲಿ ಬಳಸಬಹುದು.

ಈ ವಿಧಾನದಲ್ಲಿ ಮೈಕಿಗೆ ಇಲ್ಲದ ಅನುಕೂಲವೊಂದಿದೆ. ಡಿಸ್ಕಿನಲ್ಲಿ ಉಳಿಯುವುದು ಬಣ್ಣ ಹಚ್ಚದ ಮೂಲ ಸಂಕೇತ. ನುಡಿಸಿದ್ದು ಚೆನ್ನಾಗಿದ್ದು, ನಾದ ಮಾತ್ರ ಹಿಡಿಸದಿದ್ದರೆ ಮತ್ತೆ ನುಡಿಸಬೇಕಿಲ್ಲ. ಆಂಪ್ಲಿಫೈಯರನ್ನಷ್ಟೇ ಬದಲಿಸಿದರೆ ಸಾಕು.

ಮೀಟಿದ ಮೇಲೆ ಕೇಳುವವರೆಗೆ

ತಂತಿ ಮೀಟಿದ ಕ್ಷಣಕ್ಕೂ ಹೆಡ್‌ಫೋನಿನಲ್ಲಿ ಅದು ಕೇಳುವ ಕ್ಷಣಕ್ಕೂ ನಡುವೆ ಅಂತರ ಬಿದ್ದರೆ ತಾಳ ತಪ್ಪುತ್ತದೆ. ಕಂಪ್ಯೂಟರ್ ಸಂಕೇತವನ್ನು ಕಂತುಕಂತಾಗಿ ಸಂಸ್ಕರಿಸುವುದೇ ಇದಕ್ಕೆ ಕಾರಣ. 48 ಕಿಲೋಹರ್ಟ್ಸ್‌ನಲ್ಲಿ ಕಂತಿನ ಗಾತ್ರ 1024 ಇದ್ದರೆ ಒಂದು ಕಂತಿಗೇ 21 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗಿಂತ ಕಡಿಮೆ. ಹೋಗಿ ಬರುವ ಒಟ್ಟು ತಡ 10 ಮಿಲಿಸೆಕೆಂಡಿನೊಳಗಿದ್ದರೆ ಸಾಕು. ವೇದಿಕೆಯಲ್ಲಿ ಆಂಪ್ಲಿಫೈಯರಿನಿಂದ ಮೂರು ಮೀಟರ್ ದೂರ ನಿಂತವರಿಗೂ ಸದ್ದು ತಲುಪಲು 9 ಮಿಲಿಸೆಕೆಂಡ್ ಹಿಡಿಯುತ್ತದೆ!

ವಿಂಡೋಸ್ ಬಳಸುವವರು ಇಂಟರ್‌ಫೇಸ್ ತಯಾರಕರೇ ಕೊಡುವ ‘ಎಎಸ್‌ಐಒ’ ಡ್ರೈವರ್ ಹಾಕಿಕೊಳ್ಳಬೇಕು. ಕಂತು ತೀರಾ ಚಿಕ್ಕದಾಗಿ ಸದ್ದಿನಲ್ಲಿ ಚಟಪಟ ಕೇಳಿದರೆ 256ಕ್ಕೆ ಏರಿಸಬಹುದು. ಬ್ಲೂಟೂತ್ ಹೆಡ್‌ಫೋನ್ ಇಲ್ಲಿ ಬಳಸಲೇಬಾರದು, ಅದರ ವಿಳಂಬ ನುಡಿಸುವವರಿಗೆ ಸಹಿಸಲಾಗದಷ್ಟು ಇರುತ್ತದೆ.

‘ಗುಂಯ್’ ಎನ್ನುವ ಕಾಟ

ಸ್ಪೀಕರ್ ಬಿಟ್ಟ ಮಾತ್ರಕ್ಕೆ ಎಲ್ಲ ಸದ್ದೂ ಮಾಯವಾಗುವುದಿಲ್ಲ. ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗುನುಗನ್ನೂ ಪಿಕಪ್ ಹಿಡಿಯುತ್ತದೆ. ಒಂದೇ ಸುರುಳಿಯ ಪಿಕಪ್ಪಿನಲ್ಲಿ ಈ ಕಾಟ ಹೆಚ್ಚು. ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳಿಂದ ಗುನುಗನ್ನು ರದ್ದುಗೊಳಿಸುವ ‘ಹಂಬಕರ್’ ಪಿಕಪ್ಪನ್ನು 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ರೂಪಿಸಿದ್ದು ಇದೇ ಕಾರಣಕ್ಕೆ.

ಟ್ಯೂಬ್‌ಲೈಟ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಕರೆಂಟ್ ಹೋದಾಗ ಚಾಲೂ ಆಗುವ ಹಳೆಯ ಯುಪಿಎಸ್, ಇವೆಲ್ಲ ಗುನುಗಿನ ಮೂಲಗಳು. ಮುದ್ರಣದ ಹೊತ್ತಿಗೆ ಇವನ್ನು ಆರಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದರೆ ಬಹುಪಾಲು ಕಾಟ ತಪ್ಪುತ್ತದೆ. ಕುಳಿತ ದಿಕ್ಕು ಬದಲಿಸಿದರೂ ಗುನುಗು ತಗ್ಗುವುದುಂಟು. ಗುನುಗು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳುವುದು ಮಾತ್ರ ಅಪಾಯಕಾರಿ. ಗಿಟಾರಿನ ಲೋಹದ ತಂತಿ ನುಡಿಸುವವರ ಬೆರಳಿನಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಉಳಿದ ಎಚ್ಚರ

ಮನೆಯಲ್ಲಿ ಈಗಾಗಲೇ ವಾಲ್ವ್ ಆಂಪ್ಲಿಫೈಯರ್ ಇರುವವರು ಅದರ ನಾದವನ್ನೇ ಬಯಸಿದರೆ ಸ್ಪೀಕರಿನ ಜಾಗದಲ್ಲಿ ‘ಲೋಡ್ ಬಾಕ್ಸ್’ ಜೋಡಿಸಬಹುದು. ಅದು ಶಕ್ತಿಯನ್ನು ಶಾಖವಾಗಿ ಕರಗಿಸಿ, ಸಂಕೇತವನ್ನಷ್ಟೇ ಕಂಪ್ಯೂಟರಿಗೆ ಕೊಡುತ್ತದೆ. ಸ್ಪೀಕರೂ ಇಲ್ಲದೆ, ಲೋಡ್ ಬಾಕ್ಸೂ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಚಾಲೂ ಮಾಡಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಂಭವವಿದೆ.

ತಾಳಕ್ಕೆ ಕಾಲು ಬಡಿಯುವ ಅಭ್ಯಾಸವಿದ್ದರೆ ಕಾಲ ಕೆಳಗೆ ದಪ್ಪ ಚಾಪೆ ಇರಲಿ. ಕೆಳಮನೆಯವರಿಗೆ ಗಿಟಾರ್ ಕೇಳಿಸದಿದ್ದರೂ ಹಿಮ್ಮಡಿಯ ಸದ್ದು ಕೇಳಿಸೀತು. ನೆರೆಯವರ ಕಿವಿಯಂತೆ ನುಡಿಸುವವರ ಕಿವಿಗೂ ಮಿತಿಯಿದೆ. ವಯಸ್ಕರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಷ್ಟೂ ಈ ಅವಧಿ ಬೇಗನೆ ಕುಗ್ಗುತ್ತದೆ. ಕೊನೆಯ ಹಂತದಲ್ಲಿ ಹಾಡನ್ನು ಸ್ಪೀಕರಿನಲ್ಲಿ ಕೇಳಿ ಹದ ನೋಡಲೇಬೇಕು, ಆ ಕೆಲಸವನ್ನು ಭಾನುವಾರದ ಹಗಲಿಗೆ ಇಟ್ಟುಕೊಳ್ಳುವುದು ಲೇಸು.

ಇಷ್ಟು ಮಾಡಿದರೆ ಅಟ್ಟ ಸೇರಿದ ಗಿಟಾರ್ ಕೆಳಗಿಳಿಯಬಹುದು, ಪಕ್ಕದ ಮನೆಯ ಹುಡುಗಿ ನೆಮ್ಮದಿಯಿಂದ ಓದಬಹುದು. ಯಾವತ್ತಾದರೂ ಲಿಫ್ಟಿನಲ್ಲಿ ಎದುರಾದ ನೆರೆಯವರು ‘ಈಗೀಗ ಗಿಟಾರ್ ನುಡಿಸೋದು ಬಿಟ್ಟೇಬಿಟ್ರಾ?’ ಎಂದು ಕೇಳಿದರೆ, ಸಿದ್ಧವಾದ ಹಾಡನ್ನು ಅವರಿಗೆ ಕೇಳಿಸಬಹುದು.