ಬೆಲ್ಲಕ್ಕೆ ಇಳಿಯದ ದೂಳು

ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಜಲ್ಲಿ ಕ್ರಷರ್‌ನ ಆಳುಗಳು ಅಡಿಯಿಂದ ಮುಡಿಯವರೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತಾರೆ. ರೆಪ್ಪೆಗೂದಲು, ಕಿವಿಯ ಮಡಿಕೆ, ಅಂಗಿ ಜೇಬಿನ ಹೊಲಿಗೆ, ಎಲ್ಲೆಲ್ಲೂ ಕಲ್ಲಿನ ಹಿಟ್ಟು. ಮುಖಕ್ಕೆ ಸುತ್ತಿದ್ದ ಟವೆಲ್ ಬಿಚ್ಚಿ ಒದರಿ, ಬಾಯಿ ಮುಕ್ಕಳಿಸಿ, ಒಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡರೆ ಅಂದಿನ ಲೆಕ್ಕ ಮುಗಿಯಿತು ಎಂದೇ ಹಲವರ ನಂಬಿಕೆ. ‘ಬೆಲ್ಲ ತಿಂದರೆ ಒಳಗಿನ ದೂಳೆಲ್ಲ ಇಳಿದುಹೋಗುತ್ತೆ’ ಎಂಬ ಮಾತು ಕ್ವಾರಿಗಳಲ್ಲಿ ಅಪ್ಪನಿಂದ ಮಗನಿಗೆ ಬಂದಿದೆ.

ಬೆಲ್ಲ ಇಳಿಯುವುದು ಅನ್ನನಾಳದಲ್ಲಿ, ದೂಳು ಕೂತಿರುವುದು ಶ್ವಾಸಕೋಶದಲ್ಲಿ. ಒಣಗಿದ ಗಂಟಲಿಗೆ ಹಾಯೆನಿಸುತ್ತದೆ, ಜೊಲ್ಲು ಊರಿ ಗಂಟಲಲ್ಲಿ ಅಂಟಿದ ದಪ್ಪ ದೂಳು ಹೊಟ್ಟೆಗೆ ಹೋಗುತ್ತದೆ. ಅಷ್ಟು ಮಾತ್ರ ನಿಜ. ಈ ನಂಬಿಕೆಯನ್ನು ವಿಜ್ಞಾನಿಗಳು ತಳ್ಳಿಹಾಕದೆ ಪರೀಕ್ಷೆಗೂ ಒಡ್ಡಿದ್ದಾರೆ. ಲಖನೌದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಲ್ಲ ತಿನ್ನಿಸಿದ ಇಲಿಗಳ ಶ್ವಾಸಕೋಶದಿಂದ ದೂಳಿನ ಕಣಗಳು ಹೆಚ್ಚಾಗಿ ಹೊರಸಾಗಿದ್ದು ಕಂಡಿತ್ತು. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಎಂಟು ತಾಸು ದೂಳು ಕುಡಿದ ಮನುಷ್ಯನನ್ನು ಬೆಲ್ಲ ಕಾಪಾಡುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಶ್ವಾಸಕೋಶದಲ್ಲಿ ಒಮ್ಮೆ ಕಟ್ಟಿದ ಗಾಯದ ಗಂಟನ್ನು ಕರಗಿಸುವ ಔಷಧವೇ ಇನ್ನೂ ಇಲ್ಲ.

ಕಣ್ಣಿಗೆ ಕಾಣುವ ದೂಳೇ ಕೆಟ್ಟದ್ದು ಎಂಬ ಎಣಿಕೆಯೂ ತಲೆಕೆಳಗಾದದ್ದು. ಟಿಪ್ಪರ್ ಜಲ್ಲಿ ಸುರಿದಾಗ ಏಳುವ ದಪ್ಪ ಮೋಡ ಬೇಗ ನೆಲಕ್ಕೆ ಕೂರುತ್ತದೆ. ಮೂಗಿಗೆ ಬಂದರೂ ಕೂದಲು, ಸಿಂಬಳ ಅದನ್ನು ತಡೆಯುತ್ತವೆ. ಕೊಲ್ಲುವುದು ಸುಮಾರು ನಾಲ್ಕು ಮೈಕ್ರಾನ್‌ಗಿಂತ ಸಣ್ಣ ಕಣ, ಎಂದರೆ ತಲೆಗೂದಲ ದಪ್ಪದ ಹದಿನೈದರಲ್ಲಿ ಒಂದು ಪಾಲು. ಎರಡು ಮೈಕ್ರಾನ್‌ನ ಕಣಕ್ಕೆ ಗಾಳಿಯಾಡದ ಜಾಗದಲ್ಲೂ ಆಳೆತ್ತರದಿಂದ ನೆಲ ಮುಟ್ಟಲು ಒಂದು ತಾಸಿಗಿಂತ ಹೆಚ್ಚು ಹೊತ್ತು ಬೇಕು. ಮೋಡ ಕರಗಿತು, ಟವೆಲ್ ಬಿಚ್ಚಬಹುದು ಎಂದುಕೊಂಡ ಹೊತ್ತಿನಲ್ಲೇ ಅದು ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಇಳಿಯುತ್ತಿರುತ್ತದೆ. ಅಲ್ಲಿ ಕಾವಲಿರುವ ಬಿಳಿ ರಕ್ತಕಣ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾರದೆ ಸಾಯುತ್ತದೆ. ಬಿಡುಗಡೆಯಾದ ಕಣವನ್ನು ಇನ್ನೊಂದು ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಾವಿನ ಜಾಗದಲ್ಲೂ ಉರಿಯೂತ, ಆಮೇಲೆ ಗಾಯದ ಗಂಟು. ಇದೇ ಸಿಲಿಕೋಸಿಸ್.

‘ಟವೆಲ್ ಸುತ್ತಿದ್ದೇನಲ್ಲ’ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ. ಬಟ್ಟೆಯ ಎಳೆಗಳ ನಡುವಿನ ಸಂದು ಇಂಥ ಕಣಕ್ಕೆ ಹೆಬ್ಬಾಗಿಲು. ಎನ್-95 ಮಾಸ್ಕ್ ತಡೆಯುತ್ತದೆ, ಆದರೆ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಗಡ್ಡದ ಮೇಲೆ ಹಾಕಿಕೊಂಡರೆ ಗಾಳಿ ಪಕ್ಕದಿಂದ ನುಸುಳುತ್ತದೆ.

ಕಲ್ಲು ಕಲ್ಲಿಗೂ ವ್ಯತ್ಯಾಸವಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ವಿಜಯಪುರದ ಕಡೆಯ ಕಪ್ಪು ಬಸಾಲ್ಟ್‌ನಲ್ಲಿ ಬಿಡಿ ಬೆಣಚು ತೀರಾ ಕಡಿಮೆ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಗ್ರಾನೈಟು, ನೈಸ್ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಬೆಣಚೇ, ಎಂದರೆ ಹರಳು ಸಿಲಿಕಾ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕೆಲಸದ ಜಾಗದಲ್ಲಿ ಉಸಿರಿಗೆ ಸೇರುವ ಈ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ‘ಹೊಳೆ ಮರಳೂ ಸಿಲಿಕಾನೇ ಅಲ್ವಾ’ ಎಂದು ವಾದಿಸುವವರಿದ್ದಾರೆ. ಹೌದು. ಆದರೆ ಹೊಳೆಯಲ್ಲಿ ಉರುಳಿ ದುಂಡಾದ ಮರಳು ಕಾಳು ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣದಲ್ಲ. ಆಗತಾನೇ ಒಡೆದ ಕಲ್ಲಿನ ಹಸಿ ಮುಖವಂತೂ ಹಳೆಯ ದೂಳಿಗಿಂತ ಹೆಚ್ಚು ವಿಷಕಾರಿ.

‘ಇದೆಲ್ಲ ಇಪ್ಪತ್ತು ವರ್ಷ ಕಲ್ಲು ಒಡೆದ ಮುದುಕರಿಗೆ ಬರೋ ರೋಗ’ ಎಂಬ ಮಾತನ್ನು ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚು ಪುಡಿ ಕಾರ್ಖಾನೆಗಳು ಸುಳ್ಳಾಗಿಸಿವೆ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿ ಹುಡುಗ ಹುಡುಗಿಯರು ಅಲ್ಲಿಗೆ ಕೂಲಿಗೆ ಹೋಗಿ, ಕೆಲವೇ ವರ್ಷಗಳಲ್ಲಿ ಏದುಸಿರು ಹೊತ್ತು ಊರಿಗೆ ಮರಳಿದರು. ಸತ್ತವರಲ್ಲಿ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಹೇಳಿತು. ಆ ಹಣ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸುವಷ್ಟರಲ್ಲಿ 2016 ಬಂದಿತ್ತು. ಜಲ್ಲಿ ಕ್ರಷರ್‌ನ ದೂಳು ಅಷ್ಟು ಶುದ್ಧ ಬೆಣಚಲ್ಲ, ಹಾಗಾಗಿ ರೋಗ ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತದೆ. ನಿಧಾನವಾಗಿ ಬರುವುದರಿಂದಲೇ ಯಾರೂ ಅದನ್ನು ಕೆಲಸಕ್ಕೆ ತಳುಕು ಹಾಕುವುದಿಲ್ಲ. 2021ರಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಇಡೀ ರಾಜ್ಯ ಕ್ವಾರಿಗಳತ್ತ ತಿರುಗಿ ನೋಡಿತು. ಉಸಿರು ಕಟ್ಟಿ ಮನೆಯ ಜಗುಲಿಯ ಮೇಲೆ ಸಾಯುವವನ ಸುದ್ದಿ ಪಕ್ಕದ ಬೀದಿಯನ್ನೂ ದಾಟುವುದಿಲ್ಲ.

ಅಂಥವರಲ್ಲಿ ಎಷ್ಟೋ ಜನ ‘ಟಿಬಿ’ ಎಂಬ ಹೆಸರಿನಲ್ಲೇ ಹೋಗುತ್ತಾರೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್, ಟಿಬಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗುತ್ತದೆ, ಕೆಮ್ಮು ನಿಲ್ಲುವುದಿಲ್ಲ, ಮತ್ತೊಂದು ಸುತ್ತು ಮಾತ್ರೆ. ತೊಡಕೇನೆಂದರೆ ಸಿಲಿಕಾ ಕೂತ ಶ್ವಾಸಕೋಶಕ್ಕೆ ನಿಜವಾದ ಟಿಬಿ ತಗಲುವ ಸಾಧ್ಯತೆಯೂ ಹಲವು ಪಟ್ಟು ಹೆಚ್ಚು. ಆದ್ದರಿಂದ ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ಮಾತು ‘ಕೆಮ್ಮು’ ಅಲ್ಲ, ‘ಕ್ರಷರ್‌ನಲ್ಲಿ ಇಷ್ಟು ವರ್ಷ ದುಡಿದಿದ್ದೇನೆ’ ಎಂಬುದು. ಕೋಲಾರದ ಚಿನ್ನದ ಗಣಿಗಳ ಕಾಲದಿಂದ ಕನ್ನಡ ನಾಡು ಈ ರೋಗವನ್ನು ಕಂಡಿದೆ; 1948ರ ಕಾರ್ಖಾನೆ ಕಾಯ್ದೆ ಇದನ್ನು ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು. ಇಷ್ಟಾದರೂ ‘ಏನು ಕೆಲಸ ಮಾಡ್ತೀಯಪ್ಪಾ?’ ಎಂದು ಕೇಳದ ಚೀಟಿಗಳು ಇಂದಿಗೂ ಬರೆಯಲ್ಪಡುತ್ತಿವೆ. ಕೆಲಸ ಬಿಟ್ಟರೆ ರೋಗ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ, ಬಿಟ್ಟ ಮೇಲೂ ಅದು ಮುಂದುವರಿಯಬಹುದು. ದೂಳಿನಲ್ಲೇ ಉಳಿದರಂತೂ ಇನ್ನೂ ಬೇಗ ಕೆಡುತ್ತದೆ.

ಮಾಲೀಕರ ಕಡೆಯ ನಂಬಿಕೆ ಬೇರೆ: ‘ನೀರು ಬಿಟ್ಟರೆ ಪುಡಿ ಕೆಸರಾಗಿ ಜಾಲರಿ ಕಟ್ಟಿಕೊಳ್ಳುತ್ತೆ.’ ಪೈಪು ಹಿಡಿದು ಸುರಿದರೆ ಖಂಡಿತ ಕಟ್ಟಿಕೊಳ್ಳುತ್ತದೆ. ಬೇಕಾಗಿರುವುದು ಮಂಜಿನಂತೆ ಚಿಮ್ಮುವ ನಾಜಲ್‌ಗಳು: ಕಲ್ಲು ಸುರಿಯುವ ಬಾಯಲ್ಲಿ, ದವಡೆಯ ಮೇಲೆ, ಬೆಲ್ಟಿನಿಂದ ಜಲ್ಲಿ ಬೀಳುವ ಪ್ರತಿ ಜಾಗದಲ್ಲಿ. ದೂಳು ಹುಟ್ಟುವಲ್ಲೇ ಒದ್ದೆಯಾದರೆ ಹಾರುವುದಿಲ್ಲ. ಹಾರಿದ ಮೇಲೆ ರಸ್ತೆಗೆ ಟ್ಯಾಂಕರ್ ನೀರು ಚಿಮುಕಿಸುವುದು ಅರ್ಧ ಕೆಲಸ. ಯಂತ್ರಕ್ಕೆ ಮುಚ್ಚಿಗೆ, ಗಾಳಿ ತಡೆಯುವ ಗೋಡೆ, ಸುತ್ತ ಮರಗಳ ಸಾಲು, ಇವೆಲ್ಲ ಪರಿಸರ ನಿಯಮಗಳಲ್ಲೇ ಇವೆ. ಯಂತ್ರದಿಂದ ನಿಗದಿತ ದೂರದಲ್ಲಿ ಗಾಳಿಯ ದೂಳು ಒಂದು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿಯೂ ಇದೆ. ಪಾಳಿ ಮುಗಿದ ಮೇಲೆ ಕಂಪ್ರೆಸರ್ ಗಾಳಿ ಹಿಡಿದು ಬಟ್ಟೆಯ ದೂಳು ಹಾರಿಸಿಕೊಳ್ಳುವ ಅಭ್ಯಾಸ ಮಾತ್ರ ಇವತ್ತೇ ನಿಲ್ಲಬೇಕು. ಅದರಿಂದ ಕೂತ ದೂಳೆಲ್ಲ ಎದ್ದು ಮೂಗಿಗೇ ಬರುತ್ತದೆ.

ಮನೆ ಕಟ್ಟಿಸುವವರು ಗೇಟಿನ ಮುಂದಿನ ಜಲ್ಲಿ ರಾಶಿ ಕಂಡು ಹೆದರಬೇಕಿಲ್ಲ. ಮುಟ್ಟಿದರೆ, ದಾಟಿ ಹೋದರೆ ಸಿಲಿಕೋಸಿಸ್ ಬರುವುದಿಲ್ಲ. ಬಾಂಡ್ಲಿಗೆ ತುಂಬುವ ಮೊದಲು ರಾಶಿಗೆ ನೀರು ಹಾಯಿಸಿದರೆ ಸಾಕು. ಜಲ್ಲಿಗೆ ಅಂಟಿದ ಪುಡಿ ತೊಳೆದುಹೋಗಿ ಸಿಮೆಂಟಿನ ಹಿಡಿತವೂ ಚೆನ್ನಾಗಿರುತ್ತದೆ. ಆ ಮನೆಯಲ್ಲಿ ನಿಜವಾಗಿ ಹೆದರಬೇಕಾದದ್ದು, ಅಡುಗೆಮನೆ ಕಟ್ಟೆಗೆಂದು ತಂದ ಗ್ರಾನೈಟನ್ನು ಮುಚ್ಚಿದ ಕೋಣೆಯಲ್ಲಿ ಒಣಗಿದ ಹಾಗೇ ಕೊಯ್ಯುವ ಕಟರ್‌ಗೆ. ಕೊಯ್ಯುವ ಗೆರೆಯುದ್ದಕ್ಕೂ ನೀರು ಬಿಡಲು ಮುಚ್ಚಳಕ್ಕೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಬಾಟಲಿ ಹಿಡಿದು ಇನ್ನೊಬ್ಬ ನಿಂತರೆ, ಬಿಳಿ ಹೊಗೆಯ ಬದಲು ಬೂದು ಬಣ್ಣದ ಕೆಸರು ಹರಿಯುತ್ತದೆ. ಆ ಕೆಸರು ಒಣಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಮರುದಿನ ಪೊರಕೆ ಹಿಡಿದು ಗುಡಿಸಿದರೆ ಅದೇ ದೂಳು ಗುಡಿಸುವವರ ಎದೆಗೆ ಇಳಿಯುತ್ತದೆ.