ಕಬ್ಬಿನ ಸೀಮೆಯ ಕಾನ್ವೆಂಟು

ಬೆಳಗಿನ ಎಂಟೂಕಾಲು. ಮಂಡ್ಯದ ಹಳೇ ಹೆದ್ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ತೆವಳುತ್ತಿದೆ. ಅದರ ಹಿಂದೆ ಸಿಕ್ಕಿಕೊಂಡಿರುವುದು ಶಾಲೆಯ ವ್ಯಾನು. ಕಿಟಕಿಯಿಂದ ಒಂದು ಕೈ ಹೊರಬರುತ್ತದೆ, ಜಲ್ಲೆಯ ತುದಿ ಹಿಡಿಯುತ್ತದೆ, ಟ್ರ್ಯಾಕ್ಟರು ಜಗ್ಗಿದ ಏಟಿಗೆ ಕಬ್ಬು ತಾನಾಗಿಯೇ ಈಚೆ ಬರುತ್ತದೆ. ‘ಸಿಕ್ತು ಕಣ್ಲಾ’ ಎಂಬ ಕೂಗು. ಶಾಲೆ ಗೇಟು ಬರುವಷ್ಟರಲ್ಲಿ ಅರ್ಧ ಜಲ್ಲೆ ಸಿಪ್ಪೆಯಾಗಿರುತ್ತದೆ. ಉಳಿದರ್ಧ ಗೇಟಿನಲ್ಲಿ ನಿಂತ ಸಿಸ್ಟರ್ ಕೈ ಸೇರುತ್ತದೆ. ಟೈ ನೆಟ್ಟಗಿದೆಯೇ, ಉಗುರು ಕತ್ತರಿಸಿದೆಯೇ ಎಂದು ನೋಡುವುದರ ಜತೆಗೆ ಕಬ್ಬು ಜಫ್ತಿ ಮಾಡುವುದೂ ಈ ಸೀಮೆಯ ಸನ್ಯಾಸಿನಿಯರ ಪಾಲಿಗೆ ಬಂದ ಸೇವೆ.

2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದು ಕಾರುಗಳೆಲ್ಲ ಬೈಪಾಸ್ ಹಿಡಿದ ಮೇಲೆ ಊರೊಳಗಿನ ಈ ರಸ್ತೆ ಬಸ್ಸುಗಳದ್ದು, ಟ್ರ್ಯಾಕ್ಟರುಗಳದ್ದು, ಶಾಲೆ ಮಕ್ಕಳದ್ದು. ಮಂಡ್ಯ, ಮದ್ದೂರು, ಮಳವಳ್ಳಿ, ಮೂರೂ ಕಡೆ ಸಿಸ್ಟರುಗಳು ನಡೆಸುವ ಶಾಲೆಗೆ ಮಗುವನ್ನು ಸೇರಿಸಿದ್ದೇವೆ ಎನ್ನುವುದು ಮನೆಯ ಗೌರವದ ವಿಷಯ. ಯಾವ ಸಭೆಯ ಸಿಸ್ಟರುಗಳು, ಯಾವ ಧರ್ಮಪ್ರಾಂತ್ಯ ಎಂದು ಯಾರೂ ಕೇಳುವುದಿಲ್ಲ. ಈ ಜಿಲ್ಲೆ ಲ್ಯಾಟಿನ್ ಕ್ರಮದ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. 2010ರಲ್ಲಿ ಸಿರೋ ಮಲಬಾರ್ ಸಭೆಯವರು ಮಂಡ್ಯದ ಹೆಸರಿನಲ್ಲೇ ತಮ್ಮದೊಂದು ಧರ್ಮಪ್ರಾಂತ್ಯ ಮಾಡಿಕೊಂಡರು. ಅಪ್ಪ ಅಮ್ಮಂದಿರ ಲೆಕ್ಕದಲ್ಲಿ ಎಲ್ಲವೂ ಕಾನ್ವೆಂಟೇ.

ತರಗತಿಯ ಹಾಜರಿ ಪುಸ್ತಕ ತೆರೆದರೆ ಹೆಚ್ಚಿನ ಹೆಸರುಗಳು ಗೌಡರ ಮನೆಯವು, ಜತೆಗೆ ಎಲ್ಲ ಜಾತಿಯವು, ಒಂದಷ್ಟು ಮುಸ್ಲಿಂ ಮಕ್ಕಳವು. ಕ್ರೈಸ್ತ ಮಕ್ಕಳು ಬೆರಳೆಣಿಕೆ. ಹಾಗೆಂದು ಈ ಧರ್ಮ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ. ಟಿಪ್ಪು ಮಡಿದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬ್ವಾ ಬಂದು ಗಂಜಾಂನಲ್ಲಿ ಚರ್ಚು ಎಬ್ಬಿಸಿದ, ಹಳ್ಳಿ ಹಳ್ಳಿ ತಿರುಗಿ ಸಿಡುಬಿನ ಲಸಿಕೆ ಹಾಕಿಸಿದ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಗಂಜಾಂನ ಗಂಟೆ ಅದಕ್ಕಿಂತ ನೂರು ವರ್ಷಕ್ಕೂ ಮಿಗಿಲಾಗಿ ಹಳೆಯದು.

ಒಂಬತ್ತೂಕಾಲಿಗೆ ಪ್ರಾರ್ಥನೆ. ಎತ್ತರದ ಪ್ರಕಾರ ಸಾಲು, ಸಾಲಿನ ಮುಂದೆ ಕೆಂಪು, ಹಸಿರು, ನೀಲಿ, ಹಳದಿ ಬ್ಯಾಡ್ಜಿನ ನಾಯಕರು. ಇಂಗ್ಲಿಷ್‌ನಲ್ಲಿ ದೇವರ ಸ್ತುತಿ, ಪತ್ರಿಕೆಯ ಮುಖ್ಯಾಂಶ, ಸಂವಿಧಾನದ ಪೀಠಿಕೆ. ಇವೆಲ್ಲ ನಡೆಯುವಾಗ ಹಿಂದಿನ ಸಾಲುಗಳಲ್ಲಿ ಮೊಣಕೈ ತಿವಿತ ಸಾಗಿಯೇ ಇರುತ್ತದೆ. ನಾಡಗೀತೆ ಶುರುವಾದ ಕೂಡಲೇ ಕಥೆ ಬೇರೆ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತಲ್ಲ, ಆ ಅಳತೆ ಇಲ್ಲಿ ನಿಲ್ಲುವುದಿಲ್ಲ. ಗಂಟಲು ಬಿಟ್ಟು ಹಾಡುತ್ತಾರೆ. ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಮಕ್ಕಳ ಓಟಕ್ಕೆ ಬೆರಳು ಓಡಿಸಬೇಕು.

ಒಳಗೆ ಹೋದರೆ ‘ಸ್ಪೀಕ್ ಇನ್ ಇಂಗ್ಲಿಷ್’ ಎಂಬ ಫಲಕ. ಕನ್ನಡ ಆಡಿದ್ದಕ್ಕೆ ಮಕ್ಕಳಿಂದ ದಂಡ ವಸೂಲಿ ಮಾಡುವ ರೂಢಿ ಕೆಲವು ಶಾಲೆಗಳಲ್ಲಿ ಇತ್ತು. ಅದು ಮೂರ್ಖತನ, ಅದಕ್ಕಿಂತ ಮೆದುವಾದ ಮಾತು ನನ್ನ ಬಳಿ ಇಲ್ಲ. ಫಲಕ ನೋಡಿ ಹೆದರಬೇಕಿಲ್ಲ, ಹತ್ತು ನಿಮಿಷ ಬಾಗಿಲಲ್ಲಿ ನಿಂತರೆ ಸಾಕು. ‘ಮಿಸ್, ಹಿ ಈಸ್ ಬೀಟಿಂಗ್ ಮಿಸ್’ ಎಂದು ಶುರುವಾದ ದೂರು ಮೂರನೇ ವಾಕ್ಯಕ್ಕೆ ‘ನಾನೇನೂ ಮಾಡ್ನಿಲ್ಲ ಮಿಸ್, ಇವ್ನೇ ಒಡ್ದ’ ಎಂದು ತನ್ನ ನೆಲ ಮುಟ್ಟುತ್ತದೆ. ಸಿಸ್ಟರುಗಳ ಪಾಡೂ ಅಷ್ಟೇ. ಕೇರಳದಿಂದಲೋ ಮಂಗಳೂರಿನಿಂದಲೋ ಬಂದವರು ಮೊದಲ ವರ್ಷ ‘ಯಾಕಪ್ಪಾ ತಡವಾಯಿತು’ ಎನ್ನುತ್ತಾರೆ. ನಾಲ್ಕನೇ ವರ್ಷಕ್ಕೆ ‘ಯಾಕ್ಲಾ ಲೇಟು?’

ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತು ನೋಡಬೇಕು. ಬೇವಿನ ಮರದ ಬುಡದಲ್ಲಿ ಎಂಟನೇ ಕ್ಲಾಸಿನ ಹುಡುಗಿಯರ ದುಂಡು ಪಂಕ್ತಿ. ಚಿತ್ರಾನ್ನ, ಪಲಾವು, ಚಪಾತಿ, ನಿನ್ನೆಯ ಹಬ್ಬದೂಟ ಉಳಿದಿದ್ದರೆ ಒಬ್ಬಟ್ಟು. ಮುದ್ದೆ ಮಾತ್ರ ಯಾವ ಡಬ್ಬಿಯಲ್ಲೂ ಇಲ್ಲ. ಅದು ಮನೆಯ ಬಿಸಿಗೇ ಮೀಸಲು. ಮುಚ್ಚಳಗಳು ಕೈಯಿಂದ ಕೈಗೆ ಹೋಗುತ್ತವೆ, ವಾಪಸು ಬಂದಾಗ ಯಾರ ಮುಚ್ಚಳದಲ್ಲಿ ಯಾರ ಪಲ್ಯವಿದೆಯೋ ತಿಳಿಯುವುದಿಲ್ಲ. ಸೋಮವಾರ ಮೊಟ್ಟೆ ತಂದವಳು ಸ್ವಲ್ಪ ಆಚೆಗೆ ಸರಿದು ಕೂರುತ್ತಾಳೆ, ಪಕ್ಕದವಳೂ ಅವಳ ಜತೆಗೇ ಸರಿಯುತ್ತಾಳೆ.

ಅಂಗಳದ ಮೂಲೆಯಲ್ಲಿ ಕಲ್ಲು ಜೋಡಿಸಿ ಕಟ್ಟಿದ ಗವಿ, ಅದರೊಳಗೆ ನೀಲಿ ನಡುಪಟ್ಟಿಯ ಲೂರ್ದು ಮಾತೆ. ಪರೀಕ್ಷೆ ದಿನ ಅಲ್ಲಿ ನೂಕುನುಗ್ಗಲು. ಷೂ ಬಿಚ್ಚಿ, ಕಾಲುಚೀಲದಲ್ಲೇ ನಿಂತು, ಕಣ್ಮುಚ್ಚಿ ಕೈಮುಗಿಯುತ್ತಾರೆ. ಮುಡಿದ ಕನಕಾಂಬರದಲ್ಲಿ ಒಂದು ತುಂಡು ಕಿತ್ತು ಮಾತೆಯ ಪಾದಕ್ಕೆ. ಪೆನ್ನಿನ ತುದಿ ಕಲ್ಲಿಗೆ ತಾಗಿಸಿ ಹಣೆಗೊತ್ತಿಕೊಳ್ಳುವವರೂ ಉಂಟು. ಕೆಲವರು ಅಭ್ಯಾಸಬಲದಿಂದ ಮೂರು ಸುತ್ತು ಬರಲು ನೋಡುತ್ತಾರೆ. ಗವಿಯ ಬೆನ್ನಿಗೆ ಕಾಂಪೌಂಡು ಗೋಡೆ ಇರುವುದರಿಂದ ನಿಂತಲ್ಲೇ ಮೂರು ಸಲ ತಿರುಗಿ ಮುಗಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ತಡೆದದ್ದೂ ಅಲ್ಲ.

ಇದನ್ನು ಕಂಡವರಿಗೆ 2021ರ ಡಿಸೆಂಬರ್ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಇದೇ ಜಿಲ್ಲೆಯ ಪಾಂಡವಪುರದ ನಿರ್ಮಲಾ ಶಾಲೆಯಲ್ಲಿ ಕ್ರಿಸ್‌ಮಸ್ ಆಚರಣೆ ನಡೆದಿದ್ದಾಗ ಹೊರಗಿನವರು ಒಳನುಗ್ಗಿ ಜಗಳ ತೆಗೆದರು, ನಮ್ಮ ಹಬ್ಬ ಏಕೆ ಮಾಡುವುದಿಲ್ಲ ಎಂದು ಕೇಳಿದರು. ಕ್ರಿಸ್‌ಮಸ್ ಗೋದಲಿಗೆ ಹುಲ್ಲು ತರುವವರು, ಕುರಿ ಕಾಯುವವನ ವೇಷಕ್ಕೆ ತಾತನ ನಿಜವಾದ ಕಂಬಳಿ ಹೊದ್ದು ಬರುವವರು ಯಾರ ಮನೆಯ ಮಕ್ಕಳೆಂದು ಅವರಲ್ಲಿ ಒಬ್ಬರಾದರೂ ವಿಚಾರಿಸಬಹುದಿತ್ತು.

ಫೀಸಿನ ವಿಷಯಕ್ಕೆ ಬಂದರೆ ಶಾಲೆಯ ಆಫೀಸಿನ ಗುಮಾಸ್ತರಿಗೂ ಕಾರ್ಖಾನೆಯ ಸಮಾಚಾರ ಬೇಕು. 1933ರಲ್ಲಿ ಹುಟ್ಟಿದ ಮೈಷುಗರ್ ಅರೆಯುತ್ತಿದೆಯೋ ನಿಂತಿದೆಯೋ, ಭಾರತೀನಗರದ ಚಾಮುಂಡೇಶ್ವರಿ ಕಾರ್ಖಾನೆ ದುಡ್ಡು ಬಿಟ್ಟಿದೆಯೋ ಇಲ್ಲವೋ. ಕಬ್ಬು ಹಾಕಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಆದೇಶ ಹೇಳುತ್ತದೆ. ಕಿಟಕಿಯ ಮುಂದೆ ನಿಂತ ಅಪ್ಪ ‘ಬಿಲ್ ಆಗ್ನಿಲ್ಲ ಸಿಸ್ಟರ್, ಆದೇಟ್ಗೆ ಕಟ್ಬುಡ್ತೀನಿ’ ಎನ್ನುತ್ತಾನೆ. ಕಂತು ಮುಂದಕ್ಕೆ ಹೋಗುತ್ತದೆ. ಬಡ ಮಕ್ಕಳಿಗಿರುವ ಆರ್‌ಟಿಇ ಸೀಟು ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯವಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ರಿಯಾಯಿತಿ ಕೊಡುವುದು ಬಿಡುವುದು ಆಡಳಿತ ಮಂಡಳಿಯ ಮನಸ್ಸಿಗೆ ಸೇರಿದ್ದು. ಇದು ಅಷ್ಟು ಹಿತವಾದ ಏರ್ಪಾಡೇನಲ್ಲ.

ಮದ್ದೂರಿನ ಪೋಷಕರ ಸಭೆಗೆ ಅಪ್ಪಂದಿರು ತಡವಾಗಿಯೇ ಬರುವುದು. ವಡೆಗೆ ಹೆಸರಾದ ಊರು ನಿಜವಾಗಿ ಬದುಕುವುದು ಎಳನೀರಿನ ಮೇಲೆ. ಮುಂಬಯಿ ದೆಹಲಿಗೆ ಲಾರಿ ತುಂಬಿಸಿಯೇ ಮಾರುಕಟ್ಟೆಯಿಂದ ಹೊರಡಬೇಕು. ಇಲ್ಲಿಯ ಮಕ್ಕಳು ಆಗಸ್ಟ್ 15ರ ಇಂಗ್ಲಿಷ್ ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಆದರೆ 1938ರ ಶಿವಪುರ ಧ್ವಜ ಸತ್ಯಾಗ್ರಹ ಬಂದಲ್ಲಿ ದನಿ ಏರುತ್ತದೆ. ಶಿವಪುರ ಅವರ ಕಾಲ್ನಡಿಗೆಯ ದೂರ.

ಮಳವಳ್ಳಿಯಲ್ಲಿ ಸಂಜೆ ಆರಾದರೂ ಹತ್ತನೇ ತರಗತಿ ಬಿಟ್ಟಿಲ್ಲ. ಗೋಡೆಯ ಮೇಲೆ ಹೋದ ವರ್ಷ 625ಕ್ಕೆ ಹತ್ತಿರ ಹೋದವರ ಫೋಟೋ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದಾಗಿನಿಂದ ಮೇಷ್ಟರಿಗೂ ದಿಗಿಲು ಹೆಚ್ಚು. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ತಾಲ್ಲೂಕು ಇದು; ಪೈಥಾಗೊರಸನ ಪ್ರಮೇಯ ಅರ್ಧ ಆಗಿರುವಾಗ ಕರೆಂಟು ಹೋಗುತ್ತದೆ. ಕತ್ತಲಲ್ಲಿ ಯಾರೋ ಬೆಕ್ಕಿನ ದನಿ ಹೊರಡಿಸುತ್ತಾರೆ.

ಇಷ್ಟರ ಮಧ್ಯೆ ಕಾವೇರಿ. ಕನ್ನಂಬಾಡಿ ಕಟ್ಟೆಯ ಪೂರ್ಣಮಟ್ಟ 124.80 ಅಡಿ ಎಂದು ಇಲ್ಲಿ ಮಗ್ಗಿಗಿಂತ ಮೊದಲು ಕಲಿಯುತ್ತಾರೆ. 2023ರ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಇಂಥ ತಿಂಗಳುಗಳಲ್ಲಿ ಸಿಕ್ಕ ರಜೆಯನ್ನು ಶನಿವಾರ ಮಧ್ಯಾಹ್ನದ ಪಾಠದಿಂದ ತೀರಿಸಬೇಕು. ಸಿಸ್ಟರ್ ಸೂಚನೆ ಓದುತ್ತಾರೆ. ನಾಲೆಯ ಕೊನೇ ಭಾಗದ ಹಳ್ಳಿಯ ಹುಡುಗ ಎದ್ದು ನಿಲ್ಲುತ್ತಾನೆ.

‘ಸಿಸ್ಟರ್, ಶನಿವಾರ ನಮ್ ಗದ್ದೆಗೆ ನೀರಿನ ಸರದಿ.’

‘ಎಷ್ಟು ಗಂಟೆಗೆ ಬಿಡ್ತಾರೆ?’

‘ಅವ್ರು ಬುಟ್ಟಾಗ, ಸಿಸ್ಟರ್.’

ಕ್ಲಾಸಿಗೆ ಕ್ಲಾಸೇ ನಗುತ್ತದೆ. ಸಿಸ್ಟರ್ ಅವನ ಹೆಸರಿನ ಮುಂದೆ ರಜೆ ಎಂದು ಗುರುತು ಹಾಕಿ, ಮುಂದಿನ ಹೆಸರು ಕೂಗುತ್ತಾರೆ.