ಹಳೇ ಬಂಡಿ ಮತ್ತೆ ಉರುಳಬೇಕೇ? ಮೊದಲು ಮರ, ಆಮೇಲೆ ಹಳಿ, ಕೊನೆಗೆ ಬಣ್ಣ

ನಮ್ಮ ಚಿಗಟೇರಿ ಸುತ್ತಮುತ್ತ ಹಳೇ ಮನೆಗಳ ಹಿತ್ತಲಿಗೆ ಹೋಗಿ ನೋಡ್ರಿ, ಬೇವಿನ ಮರದ ಕೆಳಗೆ ಒಂದು ಕಟ್ಟಿಗೆ ಬಂಡಿ ನಿಂತಿರ್ತದೆ. ಮೇಲೆ ಹಳೇ ಪೈಪು, ಮೆಕ್ಕೆಜೋಳದ ಖಾಲಿ ಚೀಲ, ಕೋಳಿ ಗೂಡು. ಗಾಲಿ ಅರ್ಧ ಮಣ್ಣಲ್ಲಿ. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನ ಯಾರೂ ಕೇಳಿಲ್ಲ. ಈಗ ಕೇಳೋರು ಬರ್ತಿದ್ದಾರೆ, ಆದ್ರೆ ಬಂಡಿ ಹೂಡೋಕಲ್ಲ. ಗಾಲಿ ಎರಡೂ ಬಿಚ್ಚಿಕೊಂಡು ಹೋಗಿ ಹೋಟೆಲ್, ರೆಸಾರ್ಟ್ ಗೋಡೆಗೆ ಒರಗಿಸೋಕೆ.

ಕೊಡೋ ಮುಂಚೆ ಒಂದು ಮಾತು. ಬಂಡಿಯ ಮರ ಇನ್ನೂ ಗಟ್ಟಿ ಇದ್ದು, ಅದನ್ನ ಹೂಡಿದ ಹಿರಿಯರೊಬ್ಬರು ಮನೆಯಲ್ಲಿದ್ರೆ, ಅದು ಮತ್ತೆ ಉರುಳೋ ಸಾಧ್ಯತೆ ಚೆನ್ನಾಗೇ ಇದೆ. ಮರ ಇನ್ನೂ ಹತ್ತು ವರ್ಷ ಕಾಯಬಹುದು, ಹಿರಿಯರು ಕಾಯೋಕಾಗಲ್ಲ. ನಮ್ಮ ಬಂಡಿಯನ್ನ ನಾನು ಮತ್ತು ನಮ್ಮ ದೊಡ್ಡಪ್ಪ ಸೇರಿ ಎಬ್ಬಿಸಿದ್ದು ಎರಡು ಬೇಸಿಗೆಯಲ್ಲಿ. ಆ ಕೆಲಸದ ಕ್ರಮ ಇಲ್ಲಿದೆ.

ಯಾತಕ್ಕೆ ಬೇಕು ಅಂತ ಮೊದಲು ತೀರ್ಮಾನ ಮಾಡ್ರಿ

ಅಂಗಳದಲ್ಲಿ ನಿಲ್ಲಿಸೋಕೆ ಮಾತ್ರ ಆದ್ರೆ ಹುಳ ತಡೆದು, ಎಣ್ಣೆ ಹಚ್ಚಿದ್ರೆ ಸಾಕು. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗೋಕೆ ಅಂದ್ರೆ ಗಾಲಿ, ಅಚ್ಚು, ನೊಗ ಮೂರೂ ಭದ್ರ ಇರಬೇಕು. ಭಾರತ ಹುಣ್ಣಿಮೆ ಹೊತ್ತಿಗೆ ಮೈಲಾರಕ್ಕೆ, ಶಿವರಾತ್ರಿ ಹೊತ್ತಿಗೆ ಕುರುವತ್ತಿಗೆ ನಮ್ಮ ಹರಪನಹಳ್ಳಿ, ಹಡಗಲಿ ಭಾಗದ ಬಂಡಿಗಳು ಇವತ್ತಿಗೂ ಸಾಲು ಹಿಡಿದು ಹೋಗ್ತವೆ.

ದಿನಾ ಗೊಬ್ಬರ, ಮೇವು ಹೇರೋಕೆ ಅಂದ್ರೆ ಮಾತ್ರ ಟೈರ್ ಗಾಡಿಯೇ ಒಳ್ಳೇದು. ಡಾಂಬರ್ ರಸ್ತೆಯಲ್ಲಿ ಎತ್ತಿಗೆ ಎಳೆತ ಹಗುರ. 1965ರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಕೂಡ ಗಾಳಿ ಟೈರಿನ ಗಾಡಿಗೆ ಹೆಚ್ಚು ಭಾರ, ಟೈರಿಲ್ಲದ ಗಾಡಿಗೆ ಕಡಿಮೆ ಭಾರ ಅಂತಲೇ ಮಿತಿ ಹಾಕಿವೆ. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿ ಸುಧಾರಿಸಬೇಕು ಅಂತ ವರ್ಷಗಟ್ಟಲೆ ಓಡಾಡಿ, ಕಾರ್ಟ್‌ಮ್ಯಾನ್ ಅನ್ನೋ ಸಂಸ್ಥೆಯನ್ನೇ ಕಟ್ಟಿದರು. ಎತ್ತಿನ ಕಷ್ಟ ಕಡಿಮೆ ಆಗಬೇಕು ಅನ್ನೋದು ಅವರ ದೊಡ್ಡ ಕಾಳಜಿಗಳಲ್ಲಿ ಒಂದು. ಹಳೇದರ ಮೇಲಿನ ಪ್ರೀತಿಗೆ ಎತ್ತಿನ ಹೆಗಲು ಬೆಲೆ ಕಟ್ಟಬಾರದು.

ಬಿಚ್ಚೋ ಮುಂಚೆ ಮೊಬೈಲ್ ತೆಗೀರಿ

ಒಂದು ಕೀಲು ಕೀಳೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಅಳತೆ ಟೇಪು ಫೋಟೋದಲ್ಲೇ ಕಾಣೋ ಹಾಗೆ ಇಡ್ರಿ. ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೀರಿ. ಆಮೇಲೆ ಹಿರಿಯರನ್ನ ಬಂಡಿ ಪಕ್ಕ ಕೂರಿಸಿ, ಒಂದೊಂದೇ ಭಾಗ ಮುಟ್ಟಿ ಹೆಸರು ಹೇಳೋಕೆ ಹೇಳಿ ವಿಡಿಯೋ ಮಾಡ್ರಿ. ಈ ಹೆಸರುಗಳು ಹತ್ತು ಮೈಲಿಗೆ ಬದಲಾಗ್ತವೆ. ಬಡಿಗೇರರ ಹತ್ರ ಮಾತಾಡೋವಾಗ ನಿಮ್ಮೂರಿನ ಹೆಸರೇ ಉಪಯೋಗಕ್ಕೆ ಬರೋದು.

ಎರಡು ಪ್ರಶ್ನೆ ತಪ್ಪದೇ ಕೇಳ್ರಿ. ಬಂಡಿ ಓಡ್ತಿದ್ದಾಗ ಯಾವ ಕಡೆ ಎಳೀತಿತ್ತು? ಹಿಂದೆ ಯಾವ ಭಾಗ ಮುರಿದು ಬದಲಾಯಿಸಿದ್ರು? ನಮ್ಮ ದೊಡ್ಡಪ್ಪ ಎಡಗಾಲಿ ಮುಟ್ಟಿ, "ಇದು ನಮ್ಮಪ್ಪ ಇದ್ದಾಗ ಹಳ್ಳದಾಗ ಮುರದಿತ್ತು, ಎರಡು ತುಂಡು ಬ್ಯಾರೆ ಮರದ್ದು ಅದಾವ" ಅಂದ್ರು. ನೋಡಿದ್ರೆ ಆ ಎರಡೇ ತುಂಡು ಹುಳ ತಿಂದು ಹಿಟ್ಟಾಗಿದ್ವು. ಇದು ಹೊರಗಿಂದ ನೋಡಿ ಗೊತ್ತಾಗೋ ವಿಷಯ ಅಲ್ಲ.

ಮರದ ಪರೀಕ್ಷೆ

ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ಬಡೀರಿ. ಗಟ್ಟಿ ಮರ ಟಣ್ ಅಂತದೆ, ಟೊಳ್ಳು ಮರ ಡಬ್ ಅಂತದೆ. ಸಂಶಯ ಇದ್ದ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡ್ರಿ. ಸುಲಭವಾಗಿ ಒಳಗೆ ಹೋದ್ರೆ ಆ ತುಂಡು ಬದಲಾಯಿಸಲೇಬೇಕು.

ತೋಟಗಾರಿಕೆ ಓದಿದ್ದು ನನಗೆ ಇಲ್ಲಿ ನೆರವಾಯ್ತು. ಮರದ ಹೊರಭಾಗದ ಬಿಳಿ ಪದರದಲ್ಲಿ ಪಿಷ್ಟ ಇರ್ತದೆ, ಹಿಟ್ಟು ಮಾಡೋ ಹುಳ ಅದನ್ನೇ ತಿನ್ನೋದು. ಒಳಗಿನ ಕಪ್ಪು ಚೇಗು ಬಾಳಿಕೆ ಬರ್ತದೆ. ಹೊಸ ತುಂಡು ತರೋವಾಗ ಚೇಗು ಮಾತ್ರ ನೋಡಿ ತರ್ರಿ. ಗಾಲಿಗೆ ಮೊದಲಿಂದಲೂ ಹೆಸರಾದದ್ದು ಕರಿಜಾಲಿ. ಹಸಿ ಮರ ಬೇಡವೇ ಬೇಡ. ದಪ್ಪ ತುಂಡು ನೆರಳಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಹಳೇ ಮನೆ ಕೆಡವಿದಾಗ ಸಿಗೋ ತೊಲೆ, ಕಂಬ ಚೆನ್ನಾಗಿ ಒಣಗಿರ್ತವೆ, ಅವನ್ನ ಹುಡುಕ್ರಿ. ಹೊಲದ ಮರ ಕಡಿಯೋದಾದ್ರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸ್ರಿ.

ಗಾಲಿ ಯಾಕೆ ಸಡಿಲ ಆಗ್ತದೆ?

ನಮ್ಮ ಗಾಲಿಯಲ್ಲಿ ನಡುವೆ ಒಂದು ಗುಂಬ, ಅದರಿಂದ ಹೊರಡೋ 12 ಅರಗಳು, ಸುತ್ತಲೂ 6 ಬಾಗಿದ ತುಂಡು. ಒಂದೊಂದು ತುಂಡಿಗೆ ಎರಡೆರಡು ಅರ. ಈ 19 ಮರದ ತುಂಡುಗಳನ್ನ ಬಿಗಿಯಾಗಿ ಒತ್ತಿ ಹಿಡಿಯೋದು ಹೊರಗಿನ ಕಬ್ಬಿಣದ ಹಳಿ.

ಮರ ಒಣಗಿದಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗೋದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತೆ. ಹಾಗಾಗಿ ಬೇಸಿಗೆಯಲ್ಲಿ ಸುತ್ತಿನ ತುಂಡು ಸಣ್ಣಗಾಗ್ತವೆ, ಅರ ಕೂರೋ ತೂತು ಸಡಿಲ ಆಗ್ತದೆ, ಹಳಿ ಜಾರ್ತದೆ. ಕೆಲವರು ಗಾಲಿ ತಗೊಂಡು ಹೋಗಿ ಕೆರೆಯಲ್ಲಿ ಮುಳುಗಿಸ್ತಾರೆ. ಮರ ಉಬ್ಬಿ ಎರಡು ದಿನ ಬಿಗಿ ಆಗ್ತದೆ ನಿಜ. ಆದ್ರೆ ಉಬ್ಬಿದ ಮರ ಹಳಿಗೆ ಒತ್ತಿ ಜಜ್ಜಿಹೋಗಿ, ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ ಆಗ್ತದೆ. ಅದು ದಾರಿಯಲ್ಲಿ ಸಿಕ್ಕಿಕೊಂಡಾಗಿನ ಉಪಾಯ, ರಿಪೇರಿ ಅಲ್ಲ.

ಹಳಿ ಹಾಕೋಕೆ ಸರಿಯಾದ ಕಾಲ ಏಪ್ರಿಲ್, ಮೇ. ದೊಡ್ಡಪ್ಪನ ಮಾತಲ್ಲೇ ಹೇಳೋದಾದ್ರೆ, "ಮರ ಒಣಗಿದಾಗ ಹಾಕಿದ್ರ ಮಳಿಗಾಲ ನಿನ್ನ ಕೆಲಸ ಮಾಡ್ತೈತಿ. ಹಸಿ ಇದ್ದಾಗ ಹಾಕಿದ್ರ ಬ್ಯಾಸಿಗಿ ಬಂದು ಕೆಡಸ್ತೈತಿ."

ಹಳಿ ಏರಿಸೋ ಲೆಕ್ಕ

ಕಬ್ಬಿಣ ಪ್ರತಿ 100 ಡಿಗ್ರಿ ಬಿಸಿಗೆ ಒಂದು ಮೀಟರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತೆ. ನಾಲ್ಕೂವರೆ ಅಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 4.3 ಮೀಟರ್. ಹಳಿಯನ್ನ 500 ಡಿಗ್ರಿಯಷ್ಟು ಕಾಯಿಸಿದ್ರೆ ಸುತ್ತಳತೆ ಸುಮಾರು 26 ಮಿಲಿಮೀಟರ್, ಅಂದ್ರೆ ಒಂದು ಇಂಚು ಹೆಚ್ಚಾಗ್ತದೆ. ಕಮ್ಮಾರರು ಹಳಿಯನ್ನ ಮರದ ಸುತ್ತಳತೆಗಿಂತ ಸ್ವಲ್ಪ ಚಿಕ್ಕದು ಮಾಡಿ ಬೆಸೆಯೋದು ಈ ಒಂದು ಇಂಚಿನ ಧೈರ್ಯದ ಮೇಲೆ. ಕಾದಾಗ ದೊಡ್ಡದಾಗಿ ಕೂರ್ತದೆ, ನೀರು ಸುರಿದಾಗ ಕುಗ್ಗಿ ಎಲ್ಲಾ ಕೀಲನ್ನೂ ಒಳಕ್ಕೆ ಒತ್ತುತ್ತೆ. ಎಷ್ಟು ಚಿಕ್ಕದು ಅನ್ನೋದು ಕಮ್ಮಾರರ ಕೈಯಳತೆ. ಜಾಸ್ತಿ ಚಿಕ್ಕದಾದ್ರೆ ಅರ ಬಾಗ್ತವೆ, ಕಡಿಮೆಯಾದ್ರೆ ಮುಂದಿನ ಬೇಸಿಗೆಗೆ ಮತ್ತೆ ಜಾರ್ತದೆ. ಯೂಟ್ಯೂಬ್ ನೋಡಿ ನೀವೇ ಕೈ ಹಾಕೋ ಕೆಲಸ ಇದಲ್ಲ.

ಹಳಿಯನ್ನ ಕಲ್ಲುಗಳ ಮೇಲೆ ಇಟ್ಟು, ಸುತ್ತಲೂ ಕುಳ್ಳು ಒಟ್ಟಿ ಎಲ್ಲಾ ಕಡೆ ಒಂದೇ ಸಮ ಕಾಯಿಸಬೇಕು. ಬೆಳಗಿನ ಜಾವ ಅಥವಾ ಸಂಜೆ ಮಾಡಿದ್ರೆ ಕಬ್ಬಿಣದ ಮಂದ ಕೆಂಪು ಬಣ್ಣ ಕಣ್ಣಿಗೆ ಕಾಣ್ತದೆ. ಇಕ್ಕಳ ಹಿಡಿಯೋಕೆ ಮೂರ್ನಾಲ್ಕು ಜನ, ನೀರು ತುಂಬಿದ ಕೊಡಗಳು ಪಕ್ಕದಲ್ಲೇ ಇರಬೇಕು. ಕೂರಿಸಿದ ತಕ್ಷಣ ನೀರು ಸುರೀರಿ, ಇಲ್ಲದಿದ್ರೆ ಮರ ಸುಡ್ತದೆ. ಮೇವಿನ ಬಣವೆಯಿಂದ ದೂರ ಮಾಡ್ರಿ. ಕಾಲಿಗೆ ಚಪ್ಪಲಿ ಸಾಲದು, ಬೂಟು ಹಾಕ್ರಿ. ಪಾಲಿಯೆಸ್ಟರ್ ಬಟ್ಟೆ ಬೇಡ. ಮಕ್ಕಳನ್ನ ಹತ್ರ ಬಿಡಬೇಡ್ರಿ.

ಗಾಲಿ ಕೆಲಸ ಬಲ್ಲ ಬಡಿಗೇರರು ಈಗ ಕಡಿಮೆ. ಬಾಗಿಲು, ಕಿಟಕಿ ಮಾಡೋರು ಸಿಗ್ತಾರೆ, ಗಾಲಿ ಬೇರೆ ವಿದ್ಯೆ. ಜಾತ್ರೆಗೆ ಬಂಡಿ ಹೂಡೋ ಮನೆಗಳಲ್ಲಿ ಕೇಳಿದ್ರೆ ವಿಳಾಸ ಸಿಗ್ತದೆ. ಅವರ ಜೊತೆ ದಿನಗೂಲಿ ಲೆಕ್ಕ ಬೇಡ, ಒಂದು ಗಾಲಿಗೆ ಇಷ್ಟು ಅಂತ ಮಾತಾಡ್ರಿ. ಅವಸರ ಇಲ್ಲದಿದ್ರೆ ಕೀಲು ಚೆನ್ನಾಗಿ ಕೂರ್ತವೆ.

ಅಚ್ಚು, ಎಣ್ಣೆ, ಬಣ್ಣ

ಅಚ್ಚಿನ ತುದಿ ಒಂದು ಕಡೆ ಮಾತ್ರ ಸವೆದಿದ್ರೆ ಗಾಲಿ ಓಲಾಡ್ತದೆ. ಸವೆತ ಹೆಚ್ಚಿದ್ರೆ ಅಚ್ಚು ಮತ್ತು ಗುಂಬದೊಳಗಿನ ಬುಷ್ ಎರಡನ್ನೂ ಒಟ್ಟಿಗೆ ಬದಲಾಯಿಸ್ರಿ. ಗಾಲಿ ತಡೆಯೋ ಕಡೆಗೀಲು ಹಳೇದನ್ನೇ ಬಡಿದು ಹಾಕಬೇಡ್ರಿ, ಹೊಸದು ಮಾಡಿಸ್ರಿ. ಹಿಂದೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡ್ತಿದ್ರು. ಈಗ ಗ್ರೀಸ್ ಸಾಕು, ಆದ್ರೆ ಹಳೇದನ್ನ ಪೂರ್ತಿ ಒರೆಸಿ ಹಚ್ಚಬೇಕು. ಮಣ್ಣು ಕಲೆತ ಗ್ರೀಸ್ ಉಜ್ಜೋ ಕಾಗದದ ಹಾಗೆ ಕಬ್ಬಿಣ ತಿಂತದೆ.

ಮರಕ್ಕೆ ಅಗಸೆ ಎಣ್ಣೆಯನ್ನ ಬಟ್ಟೆಯಲ್ಲಿ ತೆಳ್ಳಗೆ ಎರಡು ಮೂರು ಸಲ ಹಚ್ಚಿ ಒಣಗಿಸ್ರಿ. ಎಣ್ಣೆ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡ್ರಿ, ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು, ಬಿಡಿಸಿ ಒಣಹಾಕ್ರಿ. ಟ್ರ್ಯಾಕ್ಟರಿನ ವೇಸ್ಟ್ ಆಯಿಲ್ ಬಳಿಯೋ ರೂಢಿ ಬಿಡ್ರಿ. ಅದು ಕೈಗೂ, ಎತ್ತಿನ ಚರ್ಮಕ್ಕೂ, ಮಣ್ಣಿಗೂ ಒಳ್ಳೇದಲ್ಲ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಮೊದಲೇ ಬಳಿದ್ರೆ ಬಿರುಕು ಮುಚ್ಚಿಹೋಗ್ತದೆ, ಒಳಗಿನ ತೇವ ಹೊರಗೆ ಬರಲ್ಲ.

ಹೂಡೋ ದಿನ

ಮೊದಲು ಖಾಲಿ ಬಂಡಿಯ ನೊಗ ಎತ್ತಿ ನೋಡ್ರಿ. ಮುಂದೆ ಸ್ವಲ್ಪವೇ ಭಾರ ಇರಬೇಕು. ತೀರಾ ಭಾರ ಇದ್ರೆ ಎತ್ತಿನ ಹೆಗಲು ಹುಣ್ಣಾಗ್ತದೆ. ನೊಗ ಮೇಲಕ್ಕೆ ಎದ್ದರೆ ಕೊರಳಿನ ಹಗ್ಗ ಬಿಗೀತದೆ. ಹೇರು ತುಂಬಿದ ಮೇಲೂ ಇದೇ ಪರೀಕ್ಷೆ. ಮೊದಲ ದಿನ ಖಾಲಿ ಬಂಡಿ, ಒಂದು ಮೈಲಿ ಸಾಕು. ವಾಪಸ್ ಬಂದು ಗುಂಬ ಮುಟ್ಟಿ ನೋಡ್ರಿ, ಬಿಸಿ ಇದ್ರೆ ಎಲ್ಲೋ ಹಿಡೀತಿದೆ ಅಂತ ಅರ್ಥ. ಅದೇ 1965ರ ನಿಯಮದ ಪ್ರಕಾರ 37 ಡಿಗ್ರಿ ಮೀರೋ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡಬಾರದು. ನಮ್ಮ ಕಡೆ ಬೇಸಿಗೆಗೆ ಇದು ನೆನಪಿರಲಿ. ರಾತ್ರಿ ದಾರಿಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸ್ರಿ.

ಎಲ್ಲಾ ಕೆಲಸಕ್ಕೂ ಈಗಲೇ ದುಡ್ಡು, ಪುರುಸೊತ್ತು ಇಲ್ಲದಿರಬಹುದು. ಪರವಾಗಿಲ್ಲ. ಈ ವಾರ ಎರಡೇ ಕೆಲಸ ಮಾಡ್ರಿ: ಗಾಲಿಯನ್ನ ಮಣ್ಣಿಂದ ಎತ್ತಿ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸ್ರಿ, ಮನೆಯ ಹಿರಿಯರ ವಿಡಿಯೋ ಮಾಡ್ರಿ. ಮರ, ಕಬ್ಬಿಣ ಮುಂದಿನ ಬೇಸಿಗೆಗೂ ಸಿಗ್ತವೆ.